ಅಳತೆ ಗೊತ್ತಿದ್ದವರ ಊರಿನಲ್ಲಿ

1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು ಅದರ ಹಿಂದಿನ ವರ್ಷವಷ್ಟೇ. ನಿಜಾಮರ ಕಾಲದಲ್ಲಿ ಕಚೇರಿಯೂ ಶಾಲೆಯೂ ಉರ್ದುವಿನಲ್ಲಿ ನಡೆದ ಆ ನೆಲದಲ್ಲಿ ಕನ್ನಡದ ಅಧ್ಯಕ್ಷ ಪೀಠದ ಮೇಲೆ ಕೂತವರು ಒಬ್ಬ ಪಾದ್ರಿ. ಹೆಸರು ಉತ್ತಂಗಿ ಚನ್ನಪ್ಪ. ಧಾರವಾಡದಲ್ಲಿ 1881ರಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನಲ್ಲಿ ಸಭಾಪಾಲಕರಾಗಿ ಊರೂರು ತಿರುಗಿ, ಸರ್ವಜ್ಞನ ತ್ರಿಪದಿಗಳನ್ನು ಓಲೆಗರಿಗಳಿಂದಲೂ ಜನರ ಬಾಯಿಂದಲೂ ಆಯ್ದು 1924ರಲ್ಲಿ ಪುಸ್ತಕವಾಗಿ ಕೊಟ್ಟವರು. ತಮ್ಮನ್ನು ತಾವು ತಿರುಳ್ಗನ್ನಡದ ತಿರುಕ ಎಂದು ಕರೆದುಕೊಂಡವರು. ಬಸವಣ್ಣನವರ ಅನುಭವ ಮಂಟಪ ನಿಜವಾಗಿ ಇತ್ತೇ, ಭಕ್ತರ ಕಲ್ಪನೆಯೇ ಎಂದು ವಿದ್ವಾಂಸರು ಜಗಳವಾಡುತ್ತಿದ್ದಾಗ, ಇತ್ತು ಎಂದು ವಾದಿಸಿ 'ಅನುಭವ ಮಂಟಪದ ಐತಿಹಾಸಿಕತೆ' ಬರೆದವರೂ ಇವರೇ. ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣದಲ್ಲಿ ಸೌದೆ ಮಾರಿದನೆಂದು ಹೇಳುವ ಮೋಳಿಗೆ ಮಾರಯ್ಯ ಮತ್ತು ಅವನ ರಾಣಿ ಮಹಾದೇವಿಯ ವಚನಗಳನ್ನು ಸಂಪಾದಿಸಿದವರೂ ಇವರೇ.

ಭಾನುವಾರ ಪುಲ್ಪಿಟ್ಟಿನಲ್ಲಿ ನಿಂತು ಪರಲೋಕದ ರಾಜ್ಯವನ್ನು ಮೊದಲು ಹುಡುಕಿರಿ ಎಂದು ಉಪದೇಶ ಮಾಡುವ ಮನುಷ್ಯನಿಗೆ, ವಾರದ ಉಳಿದ ದಿನಗಳಲ್ಲಿ ಈ ಶರಣರ ಸಹವಾಸ ಏಕೆ ಬೇಕಾಯಿತು? ಈ ಪ್ರಶ್ನೆಯನ್ನೇ ಜೋಳಿಗೆಗೆ ಹಾಕಿಕೊಂಡು ಕಲಬುರಗಿಯಿಂದ ಬೀದರಿನ ರೈಲು ಹತ್ತಿದೆ. ದಶಕಗಟ್ಟಲೆ ಕಾಗದದ ಮೇಲೆ ಓಡಿ, 2017ರ ಅಕ್ಟೋಬರಿನಲ್ಲಿ ಕೊನೆಗೂ ಹಳಿಯ ಮೇಲೆ ಬಂದ ಮಾರ್ಗವಿದು. ಕಿಟಕಿಯಾಚೆ ತೊಗರಿ ಹಳದಿ ಹೂವು ಬಿಟ್ಟಿತ್ತು. ಸೋಯಾ ಕೊಯ್ದ ಹೊಲಗಳು ಬೋಳಾಗಿದ್ದವು. ಎರೆ ಮಣ್ಣು, ಮತ್ತೆ ಕೆಂಪು ಜಂಬಿಟ್ಟಿಗೆ, ಮತ್ತೆ ಎರೆ. ಹುಮನಾಬಾದ್ ಸ್ಟೇಷನ್ನಿನಲ್ಲಿ ಇಳಿದವರಲ್ಲಿ ಅರ್ಧಕ್ಕರ್ಧ ಮಾಣಿಕನಗರಕ್ಕೆ ಹೊರಟವರು. ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಇಲ್ಲಿಗೆ ಬಂದು ನೆಲೆಸಿ, ಎಲ್ಲ ಮತವೂ ಒಪ್ಪಿತವೆಂದು ಸಕಲಮತ ಪಂಥ ಕಟ್ಟಿದ ಮಾಣಿಕಪ್ರಭುಗಳ ಊರು ಅದು. ಊರೊಳಗೆ ವೀರಭದ್ರನ ಗುಡಿ, ಹೆದ್ದಾರಿಯಲ್ಲಿ ಪುಣೆ–ಹೈದರಾಬಾದಿನ ಲಾರಿಗಳ ಸಾಲು. ಇವೆಲ್ಲದರ ನಡುವೆ, ಹೆಚ್ಚು ಜನ ಗಮನಿಸದ ಹಾಗೆ, ಮೆಥಡಿಸ್ಟ್ ಸಭೆಗಳು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಬೀದರ್ ಸೀಮೆಗೆ ಬಂದರು. ಅವರ ಮಾತಿಗೆ ಮೊದಲು ಕಿವಿಗೊಟ್ಟವರು ಊರ ಹೊರಗಿನ ಕೇರಿಗಳ ಜನ: ಜೀತ ಮಾಡುವವರು, ಚರ್ಮ ಹದ ಮಾಡುವವರು, ಸುಗ್ಗಿಯಲ್ಲಿ ಕಣ ಕಾಯುವವರು. ಕುಟುಂಬ ಕುಟುಂಬವೇ, ಕೆಲವೆಡೆ ಕೇರಿ ಕೇರಿಯೇ ದೀಕ್ಷಾಸ್ನಾನ ಪಡೆಯಿತು. ಇವತ್ತಿಗೂ ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಚಿನದೋ ತಗಡಿನದೋ ಪುಟ್ಟ ಆಲಯ, ಮುಂದೊಂದು ಬೇವಿನ ಮರ, ಗೋಡೆಯ ಮೇಲೆ ಬಿಳಿ ಶಿಲುಬೆ ಕಾಣುತ್ತದೆ. 1981ರಲ್ಲಿ ಅಮೆರಿಕದ ಮಾತೃಸಭೆಯಿಂದ ಬೇರೆಯಾಗಿ ಭಾರತದ ಮೆಥಡಿಸ್ಟ್ ಸಭೆ ಸ್ವತಂತ್ರವಾಯಿತು. ಮಿಷನ್ ಬಂಗಲೆಯ ಸಾಹೇಬರು ಹೋದರು, ಕೇರಿಯ ಜನ ಉಳಿದರು.

ಹುಮನಾಬಾದಿನಿಂದ ಸ್ವಲ್ಪ ಒಳಗಿನ ಒಂದು ಹಳ್ಳಿಯಲ್ಲಿ ಆ ಭಾನುವಾರ ಸುಗ್ಗಿಯ ಕಾಣಿಕೆಯ ಆರಾಧನೆಯಿತ್ತು. ವೇದಿಕೆಯ ಮುಂದೆ ಕುಂಬಳಕಾಯಿ, ಸೋಯಾ ಚೀಲ, ಹೆಸರು, ಉದ್ದು, ಕಬ್ಬಿನ ಜಲ್ಲೆ, ಕಾಲು ಕಟ್ಟಿದ ಎರಡು ನಾಟಿ ಕೋಳಿ. ಹೊಲ ಇದ್ದವರು ಬೆಳೆದದ್ದನ್ನು ತಂದಿದ್ದರು. ಹೊಲ ಇಲ್ಲದವರು ಕೂಲಿಗೆ ಬಂದದ್ದನ್ನೇ ತಂದಿದ್ದರು. ಸ್ತೋತ್ರಗಳು ಮುಗಿದ ಮೇಲೆ ಲಿಲಾವು. ಸಂತೆಯಲ್ಲಿ ಐವತ್ತು ರೂಪಾಯಿಗೂ ಕೇಳುವವರಿಲ್ಲದ ಕುಂಬಳಕಾಯಿ ನಾಲ್ಕು ನೂರಕ್ಕೆ ಏರಿತು. ಗೆದ್ದವನು ಹಣ ಕೊಟ್ಟು, ಕಾಯನ್ನು ಹೆಗಲಿಗೇರಿಸಿಕೊಂಡು ನಾಲ್ಕು ಹೆಜ್ಜೆ ನಡೆದು, ಮತ್ತೆ ವೇದಿಕೆಯ ಮುಂದಿಟ್ಟು ಬಂದ. ಅದೇ ಕಾಯಿ ಎರಡನೆಯ ಸಲ ಮಾರಾಟವಾಯಿತು. ಕೊಂಡವನಿಗೆ ಲಾಭವಿಲ್ಲವೆಂದು ಎಲ್ಲರಿಗೂ ಗೊತ್ತಿದ್ದು ನಡೆಯುವ ವ್ಯಾಪಾರವನ್ನು ನೋಡುವುದರಲ್ಲಿ ಒಂದು ಖುಷಿಯಿದೆ. ಜನ ನಗುತ್ತಿದ್ದರು, ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು, ಪಾಸ್ಟರ್ ಅಯ್ಯನವರು ಜಿಪುಣರ ಕಡೆ ನೋಡಿ ಕೆಮ್ಮುತ್ತಿದ್ದರು.

ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹಿರಿಯ ಹೆಂಗಸನ್ನು ಮಾತಿಗೆಳೆದೆ. ಮೂವತ್ತು ವರ್ಷದಿಂದ ಕಳೆ ತೆಗೆದು, ರಾಶಿ ಮಾಡಿ ಬದುಕಿದಾಕೆ.

"ಸೋಯಾ ಕೊಯ್ಯು ಟೈಮಿಗಿ ಐತಾರ ಬರಲ್ಲ ಅಂದ್ರ, ಸೋಮಾರ ಭಿ ಬರಬ್ಯಾಡ ಅಂತಾರ್ರಿ" ಎಂದರು.

"ಮತ್ತ ಏನು ಮಾಡ್ತೀರಿ?"

"ಏನ್ ಮಾಡಾದ್ರಿ. ಮುಂಜಾನಿ ಐದಕ್ಕ ಪ್ರಾರ್ಥನಿ ಮುಗಿಸಿ ಹೊಲಕ್ಕ ಹೋಗಾದು. ಅದು ಆಗಿಲ್ಲಂದ್ರ ಆ ದಿನದ ಕೂಲಿ ಬಿಡಾದು."

ಸೋಯಾ ಒಣಗಿ ನಿಂತ ಮೇಲೆ ಕಾಯುವುದಿಲ್ಲ. ಒಂದು ಮಳೆ ಬಿದ್ದರೆ ಕಾಯಿ ಸಿಡಿದು ಕಾಳು ಮಣ್ಣುಪಾಲು. ಹಾಗಾಗಿ ಆ ಕೆಲವು ವಾರ ಹೊಲದವನಿಗೆ ಭಾನುವಾರವೂ ಒಂದೇ, ಬುಧವಾರವೂ ಒಂದೇ. ಕೂಲಿ ವರ್ಷದಲ್ಲೇ ಹೆಚ್ಚು ಸಿಗುವುದೂ ಆಗಲೇ. ಪಟ್ಟಣದಲ್ಲಿ ಸಂಬಳದ ರಜೆ ಇರುವ ನಮ್ಮಂಥವರು ಭಾನುವಾರದ ಆರಾಧನೆಗೆ ಹೋಗುವುದಕ್ಕೆ ತೆರಬೇಕಾದದ್ದು ಬೆಳಗಿನ ಎರಡು ತಾಸಿನ ನಿದ್ದೆಯನ್ನಷ್ಟೇ. ಈ ತಾಯಿಯ ಭಕ್ತಿಗೆ ಬೆಲೆ ಪಟ್ಟಿ ಇದೆ, ಅದು ಪ್ರತಿ ಅಕ್ಟೋಬರಿನಲ್ಲಿ ಏರುತ್ತದೆ.

ಕಾಣಿಕೆಯ ಬಗ್ಗೆ ಕೇಳಿದೆ. ಜೋಳ ಬೀಸಲು ಒಯ್ಯುವ ಮೊದಲು ಒಂದು ಬೊಗಸೆ ಬೇರೆ ಡಬ್ಬಿಗೆ ಹಾಕುತ್ತಾರಂತೆ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಟ್ಟರಾಗದೇ ಎಂದದ್ದಕ್ಕೆ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಉಳದದ್ದು ಕೋಳಿಗಿ ಹಾಕ್ತೀವ್ರಿ."

ಅಷ್ಟು ಹೇಳಿ ಸಾರು ಬಡಿಸುವವನನ್ನು ಕರೆದರು. ಅದರ ಮೇಲೆ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಅದೇ ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಹುಡುಗ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ. ಅವನ ಲೆಕ್ಕ ಇನ್ನೂ ದೊಡ್ಡದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಹೊರಗೇ ಉಳಿದರು. ಮುತ್ತಜ್ಜ ದೀಕ್ಷಾಸ್ನಾನ ಪಡೆದನೆಂದು ಕೇರಿಯೇನೂ ಊರ ನಡುವಿಗೆ ಬರಲಿಲ್ಲ, ಹೋಟೆಲಿನ ಲೋಟವೂ ಬದಲಾಗಲಿಲ್ಲ. ಅರ್ಜಿಯ ಒಂದು ಕಲಮು ಮಾತ್ರ ಬದಲಾಯಿತು. ಅಪ್ಪ ಶಾಲೆಯಲ್ಲಿ ಕ್ರೈಸ್ತ ಎಂದು ಬರೆಸಿದ್ದನ್ನು ಹುಡುಗ ಹೆಮ್ಮೆಯಿಂದಲೂ ಹೇಳಲಿಲ್ಲ, ದೂರಾಗಿಯೂ ಹೇಳಲಿಲ್ಲ. "ಅಪ್ಪ ಸುಳ್ಳು ಬರಸಲಿಲ್ರಿ" ಎಂದ, ಅಷ್ಟೆ. ದೇವರನ್ನು ಮುಂದಿಡುವುದರ ಬಗ್ಗೆ ಪಟ್ಟಣದ ವೇದಿಕೆಗಳಲ್ಲಿ ಕೇಳಿದ ಉಪದೇಶಗಳಲ್ಲಿ ಈ ಕಲಮಿನ ಸುದ್ದಿ ಬಂದದ್ದಿಲ್ಲ.

ಮಾರನೆಯ ದಿನ ಮೋಳಕೇರಾಕ್ಕೆ ಹೋದೆ. ಹುಮನಾಬಾದ್ ತಾಲ್ಲೂಕಿನ ಈ ಊರಿನ ಗವಿಯನ್ನು ಮೋಳಿಗೆ ಮಾರಯ್ಯನದೆಂದು ಜನ ನಂಬುತ್ತಾರೆ. ಕಾಡಿನಿಂದ ಸೌದೆ ಹೊರೆ ತಂದು ಮಾರಿ, ಬಂದ ಕಾಸಿನಲ್ಲಿ ಜಂಗಮರಿಗೆ ಉಣಬಡಿಸಿ, ತಾನೂ ತನ್ನ ಹೆಂಡತಿಯೂ ಅಂಬಲಿ ಕುಡಿದು ಬದುಕಿದ ಅರಸನ ಕತೆ ಬೀದರ್ ಸೀಮೆಯ ಮಕ್ಕಳಿಗೂ ಗೊತ್ತು. ಬಸವಣ್ಣನವರು ಮಾರುವೇಷದಲ್ಲಿ ಬಂದು ಅಂಬಲಿ ಕುಡಿದು, ಬಡತನ ಕಂಡು ಮರುಗಿ, ಹೊನ್ನಿನ ಗಂಟು ಇಟ್ಟು ಹೋದರಂತೆ. ಮನೆಗೆ ಬಂದ ಮಾರಯ್ಯನಿಗೆ ಖುಷಿಯಾಗಲಿಲ್ಲ. ಹೊನ್ನನ್ನು ಜಂಗಮರಿಗೆ ಹಂಚಿ ಮರುದಿನ ಮತ್ತೆ ಕೊಡಲಿ ಹಿಡಿದು ಕಾಡಿಗೆ ಹೋದ.

ಉತ್ತಂಗಿಯವರ ಕೈಗೆ ಈ ಕತೆ ಸಿಕ್ಕಾಗ ಸತ್ಯವೇದದ ಇನ್ನೊಬ್ಬ ಸಿರಿವಂತ ಅವರ ಕಣ್ಣ ಮುಂದೆ ಬಂದಿರಲೇಬೇಕು ಎಂದು ನನಗೆ ಅನಿಸುತ್ತದೆ. ನಿತ್ಯಜೀವಕ್ಕೆ ದಾರಿ ಕೇಳಿ ಯೇಸುವಿನ ಬಳಿಗೆ ಬಂದ ತರುಣ. ಇದ್ದದ್ದನ್ನು ಮಾರಿ ಬಡವರಿಗೆ ಕೊಟ್ಟು ಬಾ ಎಂದಾಗ ಮುಖ ಬಾಡಿಸಿಕೊಂಡು ಹೊರಟುಹೋದವನು. ಅವನು ಮನೆಗೆ ಹೋಗಿ ಏನು ಮಾಡಿದ ಎಂದು ಸುವಾರ್ತೆ ಹೇಳುವುದಿಲ್ಲ. ಯೆಹೂದ್ಯರ ನಾಡಿನಲ್ಲಿ ಅರ್ಧಕ್ಕೆ ನಿಂತ ಆ ಕತೆ ಮುಗಿಯುವುದು ಕಲ್ಯಾಣದ ಕಾಡಿನಲ್ಲಿ, ಸೌದೆ ಹೊರೆಯ ಕೆಳಗೆ. ಪಾದ್ರಿಯೊಬ್ಬ ಶರಣನ ವಚನಗಳ ಪ್ರೂಫ್ ತಿದ್ದುತ್ತ ಕೂತದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ತನ್ನ ಗುರು ಕೇಳಿದ್ದನ್ನು ಈ ನೆಲದಲ್ಲಿ ಯಾರೋ ಮಾಡಿ ತೋರಿಸಿದ್ದಾರೆ ಎಂದು ತಿಳಿದ ಮೇಲೆ ಅವನನ್ನು ಪರಧರ್ಮದವನೆಂದು ಬದಿಗಿಡುವುದು ಪ್ರಾಮಾಣಿಕನಿಗೆ ಕಷ್ಟ.

ಅಲ್ಲಿಂದ ಬಸವಕಲ್ಯಾಣ, ಶರಣರ ಕಾಲದ ಕಲ್ಯಾಣ. ಹೆದ್ದಾರಿ ಬಿಟ್ಟು ಊರಿನ ಕಡೆ ತಿರುಗಿದರೆ ಮೊದಲು ಎದುರಾಗುವುದು ಲಾರಿಗಳು. ಹೊಸವು, ಹಳೆಯವು, ಚರ್ಮ ಸುಲಿದು ಎಲುಬಷ್ಟೇ ಉಳಿದವು. ಬಾಡಿ ಕಟ್ಟುವವರು, ವೆಲ್ಡಿಂಗಿನವರು, ಸ್ಪೇರ್ ಪಾರ್ಟಿನವರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಆಳಿದ, ವಿಜ್ಞಾನೇಶ್ವರ ಕೂತು 'ಮಿತಾಕ್ಷರ' ಬರೆದ ರಾಜಧಾನಿ ಈಗ ಲಾರಿಯ ರಾಜಧಾನಿ. ಚಹಾ ಅಂಗಡಿಯ ಮುಂದೆ ನಿಂತಿದ್ದ ಗಾಡಿಗಳ ಹಣೆ ಓದುತ್ತ ಹೋದೆ. ಬಸವೇಶ್ವರ ಪ್ರಸನ್ನ, ಯೇಸು ಪ್ರಭು, 786, ಮಾಣಿಕಪ್ರಭು ಮಹಾರಾಜ. ಎಲ್ಲ ಗಾಡಿಯ ಮುಂದೆಯೂ ದೇವರು. ಪಕ್ಕಕ್ಕೆ ಬಂದು ನೋಡಿದರೆ ಬಾಗಿಲ ಮೇಲೆ ಚಿಕ್ಕ ಅಕ್ಷರದಲ್ಲಿ ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರು. ಕಂತು ತಪ್ಪಿದರೆ ಗಾಡಿ ಎಳೆದುಕೊಂಡು ಹೋಗುವವರು ಹಣೆಯನ್ನು ಓದುವುದಿಲ್ಲ.

ತ್ರಿಪುರಾಂತ ಕೆರೆಯ ದಂಡೆಯ ಕಡೆ ನಡೆದೆ. ಅಕ್ಕ ನಾಗಮ್ಮನ ಗವಿ, ನುಲಿಯ ಚಂದಯ್ಯನ ಹೆಸರು ಹೇಳುವ ಜಾಗ, ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಊರೂರು ಸುತ್ತಿ ಕಟ್ಟಿಸಿದ ಅನುಭವ ಮಂಟಪ. 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಾಗ ಹೊಸ ಅನುಭವ ಮಂಟಪ 500 ಕೋಟಿ ರೂಪಾಯಿಯ ಯೋಜನೆಯಾಗಿತ್ತು. ಊರಾಚೆ 108 ಅಡಿಯ ಬಸವಣ್ಣನವರ ಪ್ರತಿಮೆ. ಇವನ್ನೆಲ್ಲ ನೋಡುತ್ತ ಆಯ್ದಕ್ಕಿ ಲಕ್ಕಮ್ಮ ನೆನಪಾಗದಿರಲು ಸಾಧ್ಯವಿಲ್ಲ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದ ದಂಪತಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಗಂಡ ಮಾರಯ್ಯನ ಕೆಲಸ. ಆ ಅಕ್ಕಿಯಿಂದಲೇ ಜಂಗಮರ ದಾಸೋಹ, ಉಳಿದರೆ ಮನೆಯವರ ಊಟ. ಒಂದು ದಿನ ಬಸವಣ್ಣನವರು ಪರೀಕ್ಷೆಗೆಂದು ಹೆಚ್ಚಿಗೆ ಅಕ್ಕಿ ಚೆಲ್ಲಿಸಿದರು. ಮಾರಯ್ಯ ಆಯ್ದುಕೊಂಡು ಬಂದ. ಲಕ್ಕಮ್ಮ ಉಡಿಯನ್ನು ನೋಡಿದ ಕೂಡಲೇ ಎಂದಿನ ಅಳತೆಯಲ್ಲವೆಂದು ತಿಳಿದು, ಹೆಚ್ಚಾದದ್ದನ್ನು ಚೆಲ್ಲಿ ಬಾ ಎಂದು ಗಂಡನನ್ನು ಹಿಂದಕ್ಕೆ ಅಟ್ಟಿದಳು.

ಈ ಕತೆಗೆ ಸತ್ಯವೇದದಲ್ಲಿ ಒಂದು ಅಣ್ಣನ ಕತೆಯಿದೆ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ಮನ್ನ ಬಿತ್ತು. ಒಬ್ಬೊಬ್ಬರಿಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರಿನಷ್ಟು, ದಿನದ ಪಾಲು. ನಾಳೆಗೆಂದು ಎತ್ತಿಟ್ಟುಕೊಂಡವರ ಮಡಕೆಯಲ್ಲಿ ಮುಂಜಾನೆ ಹುಳು. ಆರನೆಯ ದಿನ ಮಾತ್ರ ಎರಡು ಪಾಲು ಕೂಡಿಸಬಹುದಿತ್ತು, ಏಳನೆಯ ದಿನ ಯಾರೂ ಕೆಲಸಕ್ಕೆ ಹೋಗಬಾರದೆಂದು. ಅಂದರೆ ಆರಾಧನೆಯ ದಿನದ ಕೂಲಿಯನ್ನು ದೇವರು ಮುಂಗಡ ಕೊಟ್ಟಿದ್ದ. ಹುಮನಾಬಾದಿನ ಹಳ್ಳಿಯ ಆ ತಾಯಿಗೆ ಶನಿವಾರ ಎರಡು ಕೂಲಿ ಕೊಡುವ ಹೊಲದವನು ಯಾರೂ ಇಲ್ಲ. ಐತಾರ ಬಿಟ್ಟ ಕೂಲಿಯನ್ನು ಆಕೆ ತನ್ನ ಹೊಟ್ಟೆಯಿಂದಲೇ ಕಟ್ಟುತ್ತಾಳೆ. ದೇವರು ಮೊದಲು ಎಂದು ಬಡವರಿಗೆ ಬೋಧಿಸುವ ಸಭೆಗೆ ಮೊದಲು ಆ ಹೊಲದವನೊಡನೆ ಮಾತಾಡುವ ಜವಾಬ್ದಾರಿಯೂ ಇದೆ ಎಂದು ನನ್ನ ಎಣಿಕೆ. ಐದು ಗಂಟೆಗೆ ಆರಾಧನೆ ಇಟ್ಟ ಪಾಸ್ಟರ್ ಅಯ್ಯನವರು ಕನಿಷ್ಠ ತಮ್ಮ ನಿದ್ದೆಯನ್ನು ಆ ಲೆಕ್ಕಕ್ಕೆ ಸೇರಿಸಿದ್ದಾರೆ.

ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯ ಬದುಕಿನಲ್ಲೂ ಇಂಥದೇ ಒಂದು ಲೆಕ್ಕವಿದೆ. ಆಕ್ಸ್‌ಫರ್ಡಿನ ಆರಂಭದ ಮೆಥಡಿಸ್ಟರಲ್ಲಿ ಒಬ್ಬ ತರುಣನಿಗೆ ವರ್ಷಕ್ಕೆ 30 ಪೌಂಡು ಬರುತ್ತಿತ್ತು. 28ರಲ್ಲಿ ಬದುಕಿ 2 ದಾನ ಮಾಡಿದ. ಮರುವರ್ಷ 60 ಬಂತು. ಆಗಲೂ 28ರಲ್ಲಿ ಬದುಕಿ 32 ಕೊಟ್ಟ. ಮೂರನೆಯ ವರ್ಷ 90 ಬಂದಾಗ 62, ನಾಲ್ಕನೆಯ ವರ್ಷ 120 ಬಂದಾಗ 92. ತನ್ನದೊಂದು ಪ್ರಸಂಗದಲ್ಲಿ ಹೆಸರು ಹೇಳದೆ ವೆಸ್ಲಿ ಹೇಳಿದ ಈ ತರುಣ ಸ್ವತಃ ಅವನೇ ಎಂಬುದು ಪ್ರತೀತಿ. ನ್ಯಾಯವಾಗಿ ಗಳಿಸು, ಉಳಿಸು, ಕೊಡು ಎಂಬ ಮೂರು ಸೂತ್ರ ಅವನು ತನ್ನ ಜನಕ್ಕೆ ಹಾಕಿಕೊಟ್ಟಿದ್ದ. 1791ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನಿಗಿದ್ದ ದೊಡ್ಡ ಸಂಕಟವೆಂದರೆ, ಮೆಥಡಿಸ್ಟರು ಮೊದಲಿನ ಎರಡನ್ನು ಚೆನ್ನಾಗಿ ಕಲಿತು ಮೂರನೆಯದನ್ನು ಮರೆತದ್ದು. ಭಕ್ತಿ ಶಿಸ್ತನ್ನು ತರುತ್ತದೆ, ಶಿಸ್ತು ಹಣವನ್ನು ತರುತ್ತದೆ, ಹಣ ಬಂದು ಭಕ್ತಿಯ ಕುರ್ಚಿಯಲ್ಲಿ ಕೂರುತ್ತದೆ.

ಶರಣರದೂ ಮೆಥಡಿಸ್ಟರದೂ ಒಂದೇ ಮಾತು ಎಂದು ಹೇಳುವ ಆತುರ ನನಗಿಲ್ಲ. ಲಕ್ಕಮ್ಮನಿಗೆ ಅಕ್ಕಿ ಆಯುವ ಕೆಲಸವೇ ಪೂಜೆ, ಬೇರೆ ಭಾನುವಾರ ಬೇಕಿಲ್ಲ. ಹಳ್ಳಿಯ ಕ್ರೈಸ್ತ ತಾಯಿಗೆ ಹೊಲದ ಕೆಲಸ ಹೊಟ್ಟೆಪಾಡು, ಕೆಲಸ ನಿಲ್ಲುವ ಆ ಒಂದು ದಿನ ಅವಳ ಬಿಡುಗಡೆ. ತಲೆಮಾರುಗಳ ಕಾಲ ಇನ್ನೊಬ್ಬರ ಹೊಲದಲ್ಲಿ ದುಡಿದವರಿಗೆ, ದುಡಿಮೆಯೇ ದೇವರೆಂದು ಹೇಳಿದರೆ ಅದು ಹೊಲದವನ ಮಾತಿನ ಹಾಗೂ ಕೇಳಿಸಬಹುದು. ವಾರದಲ್ಲಿ ಒಂದು ದಿನ ನಿನ್ನ ಮೇಲೆ ಯಾರಿಗೂ ಹಕ್ಕಿಲ್ಲ ಎಂಬ ಮಾತು ಆ ಕೇರಿಗೆ ಹೊಸದಾಗಿತ್ತು, ಅದಕ್ಕೇ ಅದು ನಾಟಿತು.

ಆದರೂ ಇವರೆಲ್ಲರಲ್ಲಿ ಒಂದು ಸಮಾನ ಅಂಶ ಬಸವಕಲ್ಯಾಣದಲ್ಲಿ ನಿಂತು ನೋಡಿದಾಗ ಕಣ್ಣಿಗೆ ಹೊಡೆಯುತ್ತದೆ. ಎಲ್ಲರ ಬಳಿಯೂ ಒಂದು ಅಳತೆಯಿತ್ತು. ಒಂದು ಓಮೆರ್, ಎಂದಿನಷ್ಟು ಅಕ್ಕಿ, 28 ಪೌಂಡು, ಬೀಸುವ ಮೊದಲಿನ ಬೊಗಸೆ. ಆ ಅಳತೆಯನ್ನು ಅವರು ಹಣ ಕೈಗೆ ಬರುವ ಮೊದಲೇ ನಿಶ್ಚಯಿಸಿದ್ದರು. ಬಂದ ಮೇಲೆ ಯೋಚಿಸೋಣ ಎಂದಿದ್ದರೆ ವೆಸ್ಲಿ 60 ಪೌಂಡಿಗೆ ತಕ್ಕ ಮನೆ ಹಿಡಿಯುತ್ತಿದ್ದ, ಲಕ್ಕಮ್ಮನ ಮನೆಯಲ್ಲಿ ಒಂದು ಕಣಜ ಏಳುತ್ತಿತ್ತು.

ಅಳತೆಯಿಲ್ಲದ ಭಕ್ತಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಈಗಿನ ಕೆಲವು ಸುವಾರ್ತಾ ಕೂಟಗಳಲ್ಲಿ ಕಾಣಿಕೆಯನ್ನು ಬೀಜವೆಂದು ಹೇಳಿ ಹಾಕಿಸಿಕೊಳ್ಳುತ್ತಾರೆ: ಸಾವಿರ ಬಿತ್ತು, ಹತ್ತು ಸಾವಿರ ಕೊಯ್ಯಿ. ದೇವರು ಮೊದಲೇ ಇದ್ದಾನೆ ಅಲ್ಲಿ, ಸಾಲದ ಮೊದಲ ಕಂತಿನ ಹಾಗೆ. ಕಾಣಿಕೆ ಕೊಟ್ಟವನ ಕಣ್ಣು ಮಾತ್ರ ಬರಲಿರುವ ಹತ್ತು ಸಾವಿರದ ಮೇಲೆ. ಲಿಂಗದ ಹೆಸರಿನಲ್ಲೂ ಇದೇ ವ್ಯಾಪಾರ ಧಾರಾಳ ನಡೆಯುತ್ತದೆ. ಹೆಚ್ಚಿಗೆ ಅಕ್ಕಿ ತಂದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿದ ಹೆಂಗಸು ಈ ಕೂಟಗಳ ವೇದಿಕೆ ಹತ್ತಿದರೆ ಮೈಕಿನ ತಂತಿ ಕೀಳುತ್ತಿದ್ದಳು. ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯನ್ನು ಯೇಸು ಶಿಷ್ಯರಿಗೆ ತೋರಿಸಿದನಲ್ಲ, ಆಕೆಗೆ ಆ ಕಾಸು ಹತ್ತಾಗಿ ತಿರುಗಿ ಬಂತೆಂದು ಸುವಾರ್ತೆ ಎಲ್ಲಿಯೂ ಹೇಳಿಲ್ಲ. ಅಳತೆ ಕಾಯ್ದವರಲ್ಲಿ ಇಷ್ಟು ಜನ ಹೆಂಗಸರೇ ಇರುವುದು ಆಕಸ್ಮಿಕವೇನಲ್ಲ. ಡಬ್ಬಿಯಲ್ಲಿ ಎಷ್ಟಿದೆ ಎಂದು ಮನೆಯಲ್ಲಿ ತಿಳಿದಿರುವುದು ಅವರಿಗೇ.

ಉತ್ತಂಗಿಯವರು 1962ರಲ್ಲಿ ತೀರಿಕೊಂಡರು. ಆಯುಷ್ಯ ಪುಸ್ತಕಕ್ಕೆ ಹೋಯಿತು. ಅವರು ಬಿಟ್ಟುಹೋದದ್ದು ಸರ್ವಜ್ಞ, ಮೋಳಿಗೆ ಮಾರಯ್ಯ, ಸಿದ್ಧರಾಮ ಮುಂತಾದವರ ಮಾತು. ಅವರ ಪಾಲಿಗೆ ಕಲ್ಯಾಣ ತೀರ್ಥಯಾತ್ರೆಯ ಊರಷ್ಟೇ ಆಗಿರಲಿಲ್ಲ. ತಮ್ಮ ಗುರು ಹೇಳಿದ್ದು ಮನುಷ್ಯರಿಂದ ಆಗುವಂಥದ್ದೇ ಎಂಬ ಅನುಮಾನ ಬಂದಾಗ, ಆಗುತ್ತದೆ ಎಂದು ಸಾಕ್ಷಿ ಹೇಳುವ ಊರಾಗಿತ್ತು.

ಕ್ರಿಸ್ಮಸ್ ಬಂದರೂ ಬಸವ ಜಯಂತಿ ಬಂದರೂ ಫೋನಿಗೆ ರಿಯಾಯಿತಿಯ ಸಂದೇಶ ಬರುವ ಕಾಲದಲ್ಲಿ ನಾವು ಬದುಕುತ್ತಿದ್ದೇವೆ. ಅಂಥದರಲ್ಲಿ ದೇವರು ಮೊದಲು ಎಂದು ಹೇಳುವುದು ಸುಲಭ, ಲಾರಿಯ ಹಣೆಯ ಮೇಲೆ ಬರೆಸಿದಷ್ಟೇ ಸುಲಭ. ನಿಜವೋ ಅಲ್ಲವೋ ತಿಳಿಯಲು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಈ ಮನೆಗೆ ತಿಂಗಳಿಗೆ ಎಷ್ಟು ಸಾಕು? ಅದನ್ನು ನಿಶ್ಚಯಿಸಿದ್ದು ಸಂಬಳ ಏರುವ ಮೊದಲೋ, ಏರಿದ ಮೇಲೋ? ದೇವರ ಪಾಲು ತೆಗೆಯುವುದು ತಿಂಗಳ ಒಂದನೆಯ ತಾರೀಖಿನಂದೋ, ಮೂವತ್ತರಂದೋ? ನಮ್ಮ ಮನೆಯಲ್ಲಿ, ನಮ್ಮ ಹೊಲದಲ್ಲಿ, ನಮ್ಮ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಬಿಟ್ಟ ರಜೆಯ ಕೂಲಿ ಎಷ್ಟು? ಇವಕ್ಕೆ ಉತ್ತರ ಬರೆದಿಟ್ಟುಕೊಂಡವರು ಯಾವ ಆಲಯಕ್ಕೆ ಹೋದರೂ ಲಕ್ಕಮ್ಮ ಅವರನ್ನು ಒಳಗೆ ಬಿಟ್ಟುಕೊಂಡಾಳು.